ಕೆಂಪು ಹಲ್ಲಿನ ಮೀನು ಕಂಡ ದಿನ

ಏರುನೀರಿನ ನೂರಾ ಹದಿನೇಳನೆಯ ವರ್ಷ, ಕಾರ್ತಿಕ ಮಾಸ
ಕುಂದಾಪುರದ ಮೇಲ್ದಂಡೆ

ನನಗಿಂತ ಬಹಳ ಹಿಂದೆ ಇದೇ ಕಡಲಿನ ಮೀನು ತಿಂದವರೇ,

ನೀವು ಕೇಳದ ಮಾತುಗಳು ಈ ಓಲೆಯಲ್ಲಿ ನುಸುಳಿದ್ದರೆ ಸಹಿಸಿಕೊಳ್ಳಿ. ಕಡಲು ಹಳೆಯ ಪೇಟೆಯೊಳಗೆ ಬಂದು ನಿಂತ ದಿನದಿಂದ ನಾವು ವರ್ಷ ಎಣಿಸುತ್ತೇವೆ, ಅದಕ್ಕೇ ಏರುನೀರು. ನಾನು ಮುತ್ತು ಮರಕಾಲ್ತಿ, ಗಾಳ ಹಾಕುವವಳು. ಆದರೆ ಮೀನನ್ನೆಲ್ಲ ಕೊಂದ ಕೆಂಪು ನೀರು ಬಂದುಹೋದ ಮೇಲೆ ಗಾಳಕ್ಕೆ ಏನೂ ಕಚ್ಚಿರಲಿಲ್ಲ. ತೊಟ್ಟಿಯಲ್ಲಿ ಬೆಳೆಸಿದ ಪಾಚಿಯ ರೊಟ್ಟಿ, ಒಂದಿಷ್ಟು ಏಡಿ, ಇಷ್ಟೇ ನಮ್ಮ ಊಟ. ಹೋದ ವರ್ಷ ದೀಪಾವಳಿಯೊಳಗೆ ಮೀನು ಕಾಣದಿದ್ದರೆ ಊರಿಗೆ ಊರೇ ಕಡಲು ಬಿಟ್ಟು ಘಟ್ಟ ಹತ್ತುವುದೆಂದು ತೀರ್ಮಾನವಾಗಿತ್ತು.

ಹಬ್ಬದ ಹಿಂದಿನ ದಿನ ನಾನೂ ನನ್ನ ಗಂಡನ ಅಕ್ಕ ಸಂಕಮ್ಮನೂ ಮುಳುಗಿದ ಪೇಟೆಯ ಮೇಲೆ ದೋಣಿ ನಿಲ್ಲಿಸಿದೆವು. ಏಡಿಯ ತುಂಡು ಸಿಕ್ಕಿಸಿ ಸಣ್ಣ ಗಾಳ ಇಳಿಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಹಗ್ಗ ಒಮ್ಮೆಲೇ ಬಿಗಿಯಿತು. ಎಳೆದೆ, ಬಂಡೆಯನ್ನೇ ಎಳೆದಂತಾಯಿತು.

"ಎಳೀಬೇಡ ಹೆಣೆ! ಹಗ್ಗ ಹರೀತ್ತ್. ಅದ್ ಕಲ್ಲಿನ್ ಎಡೆಗೆ ಹೊಕ್ಕಿತ್ತ್, ಕೆಳ್ಗೆ ಹೋಯ್ ಕಾಣ್" ಎಂದರು ಅತ್ತಿಗೆ.

ಉಸಿರುಪಟ್ಟಿ ಕಟ್ಟಿಕೊಂಡು ಮುಳುಗಿದೆ. ನೀರಿನಿಂದಲೇ ಗಾಳಿ ಹೀರಿ ಮೂಗಿಗೆ ಕೊಡುವ ಬಟ್ಟೆ ಅದು. ಯಾರದೋ ಮನೆಯ ಗೋಡೆ, ಅದರ ಬಿರುಕಿನಲ್ಲಿ ಕಡುನೀಲಿ ಮೀನು. ಬೆನ್ನಿನ ಮುಳ್ಳನ್ನು ನೆಟ್ಟಗೆ ನಿಲ್ಲಿಸಿ ಕಲ್ಲಿಗೆ ಅಗುಳಿ ಹಾಕಿಕೊಂಡಿತ್ತು. ಅಜ್ಜಿ ಹೇಳಿದ್ದು ನೆನಪಾಗಿ, ದೊಡ್ಡ ಮುಳ್ಳಿನ ಹಿಂದಿದ್ದ ಚಿಕ್ಕ ಮುಳ್ಳನ್ನು ಒತ್ತಿದೆ. ಬಂದೂಕಿನ ಕುದುರೆ ಎಳೆದಂತೆ ದೊಡ್ಡದು ತಟ್ಟನೆ ಮಡಚಿಕೊಂಡಿತು. ಮೀನು ಕೈಗೆ ಬಂತು. ಕೆಂಪು ಹಲ್ಲು ತೋರಿಸಿ ಗುರುಗುಟ್ಟಿತು. ಆ ಸದ್ದು ನನ್ನ ಮೂಳೆಯವರೆಗೂ ಇಳಿಯಿತು.

ಆಗಲೇ ಏನೋ ನನ್ನ ಹಿಮ್ಮಡಿ ಕಚ್ಚಿತು. ತಿರುಗಿದರೆ ಇನ್ನೊಂದು! ಕೆಳಗೆ, ಅಂಗಳವಾಗಿದ್ದ ಜಾಗದಲ್ಲಿ ಅದು ಮರಳು ತೋಡಿ ಬೋಗುಣಿಯಂಥ ಗುಳಿ ಮಾಡಿತ್ತು. ಗುಳಿಯ ನಡುವೆ ಸಬ್ಬಕ್ಕಿ ಬೇಯಿಸಿ ಸುರಿದಂತೆ ಮೊಟ್ಟೆಗಳ ಮುದ್ದೆ. ನನ್ನ ಅಂಗೈಯಷ್ಟಿದ್ದ ಆ ಜೀವ ಬಾಯಿಯಿಂದ ಮೊಟ್ಟೆಗಳಿಗೆ ನೀರು ಊದುತ್ತಿತ್ತು. ಊದಿ ಬಂದು ನನ್ನ ಮೇಲೆ ಎರಗುತ್ತಿತ್ತು. ಅಲ್ಲೇ ಮೊಣಕಾಲೂರಿದೆ. ಕೈ ತಾನಾಗಿಯೇ ಮೊದಲ ಮೀನಿನ ಗಾಳ ಬಿಡಿಸಿತು.

ಬರಿಗೈಯಲ್ಲಿ ಮೇಲೆ ಬಂದೆ.

"ಬಿಟ್ಟೆ ಅತ್ತಿಗೆ. ಕೆಳ್ಗೆ ಮೊಟ್ಟೆ ಇತ್ತ್."

"ಊರಿನವ್ರಿಗೆ ಎಂತ ತೋರ್ಸುದ್ ಈಗ?"

ನಾನು ಕಾಲು ಎತ್ತಿ ದೋಣಿಯೊಳಗಿಟ್ಟೆ. ಅವರು ನನ್ನ ಹಿಮ್ಮಡಿಯ ರಕ್ತ ನೋಡಿದರು. ಆಮೇಲೆ ಸೀರೆ ಎತ್ತಿ ಕಟ್ಟಿ, "ಆ ಪಟ್ಟಿ ಕೊಡ್, ನಾನೂ ಕಾಣ್ತೆ" ಎಂದರು. ಎಪ್ಪತ್ತರ ಹೆಂಗಸು ನೀರಿಗೆ ಇಳಿದರು. ಮೇಲೆ ಬಂದವರೇ ಹುಟ್ಟು ಹಿಡಿದು ದೋಣಿಯನ್ನು ದಡಕ್ಕೆ ತಿರುಗಿಸಿದರು.

ಸಂಜೆಯ ಸಭೆಯಲ್ಲಿ ಅವರು ಆಡಿದ್ದು ಇಷ್ಟೇ: "ಮೀನೂ ಮೊಟ್ಟೆಯೂ ನಾ ಕಣ್ಣಾರೆ ಕಂಡೆ. ನಾ ಎಲ್ಲಿಗೂ ಹೋಪುದಿಲ್ಲ." ಕಟ್ಟಿದ್ದ ಗಂಟುಗಳನ್ನು ಊರು ಬಿಚ್ಚಿತು. ಮುಳುಗಿದ ಪೇಟೆಯ ಮೇಲೆ ಈಗ ಯಾರೂ ಗಾಳ ಹಾಕುವುದಿಲ್ಲ. ಅಲ್ಲಿಂದ ಹೊರಗೆ ಬಂದ ಮೀನು ಮಾತ್ರ ನಮ್ಮದು, ಈ ವರ್ಷ ಅದೂ ಸಿಕ್ಕಿತು.

ನಿಮ್ಮ ಕಾಲದಲ್ಲಿ ಈ ಕೆಂಪು ಹಲ್ಲಿನ ಮೀನನ್ನು ಕಾರ್ಗಿಲ್ ಮೀನು ಎನ್ನುತ್ತಿದ್ದಿರಂತೆ. ಬಲೆ ತುಂಬ ಬಿದ್ದಾಗ ಬೇಸರಪಟ್ಟು ಮೇವಿಗೆಂದು ಪುಡಿಮಾಡಲು ಕಳಿಸುತ್ತಿದ್ದಿರಂತೆ. ದೂರುತ್ತಿಲ್ಲ. ರಾಶಿ ಕಂಡವರಿಗೆ ಒಂದೊಂದರ ಮುಖ ಕಾಣುವುದು ಕಷ್ಟ. ಒಂದೇ ಕೇಳಿಕೆ: ಅವು ಮೊಟ್ಟೆ ಇಡುವ ಕಾಲದಲ್ಲಿ ಕಲ್ಲುಗಳ ಸುತ್ತ ಬಲೆ ಎಳೆಯಬೇಡಿ. ಅವುಗಳಲ್ಲಿ ಕೆಲವು ನಮ್ಮವರೆಗೆ ಈಜಿ ಬರಬೇಕಿದೆ.

ಇತಿ,
ಮುತ್ತು