ಎರಡನೇ ಹೆರಿಗೆ

ಮಾರ್ಚ್ 4, ಬೆಳಿಗ್ಗೆ 6.30

ತೊಳೆದ ಗ್ಲೌಸು ಮತ್ತೆ ದಾರಕ್ಕೆ ನೇತುಹಾಕಿದೆ. ಹೊಸದು ಬಾರದೆ ತಿಂಗಳಾಯಿತು. ಗೇಟಿನ ಬೋರ್ಡಿಗೆ ಮಾತ್ರ ಹೊಸ ಬಣ್ಣ — 'ಹೆರಿಗೆ ಸಂಪೂರ್ಣ ಉಚಿತ'. ಕೆಳಗೆ, ಇರುವೆಯಂಥ ಅಕ್ಷರದಲ್ಲಿ: ಮೊದಲ ಎರಡಕ್ಕೆ ಮಾತ್ರ.

ಹಾಗಾಗಿ ನಮ್ಮ ವಾರ್ಡಿನಲ್ಲಿ ಮೂರನೇ ಹೆರಿಗೆ ಆಗುವುದೇ ಇಲ್ಲ. ಆರನೆಯದಾದರೂ ಕಾರ್ಡಿನಲ್ಲಿ 'ಎರಡನೆಯದು'. ನಿಜವಾದ ಲೆಕ್ಕ ಮೂಲೆಯಲ್ಲಿ, ಪೆನ್ಸಿಲ್ ಚುಕ್ಕಿಗಳಲ್ಲಿ. ಹೊಸ ಡಾಕ್ಟರಮ್ಮನಿಗೂ ಹೇಳಿಕೊಟ್ಟಾಯಿತು — ಚುಕ್ಕಿ ಎಣಿಸಿ, ಅಕ್ಷರ ನಂಬಬೇಡಿ. ಸುಳ್ಳು ಬರೆದು ಬರೆದು ಕೈಗೆ ಅಭ್ಯಾಸವಾಗಿದೆ. ಥೂ.

ಮಾರ್ಚ್ 9

ಇಸ್ತ್ರಿ ಅಂಗಡಿಯವಳು ಬಂದಿದ್ದಳು. ಐದನೆಯದು. ರಕ್ತ ಕಮ್ಮಿ, ಕಾಲು ಊದಿದೆ. ಐದು ಅಂತಲೇ ಬರೆಯಲೇನೇ ಎಂದು ಸುಮ್ಮನೆ ಗದರಿಸಿದೆ.

"ಹಾಗಾದ್ರೆ ಮನೇಲೇ ಹೆತ್ಕೋತೀನಿ ಬಿಡಿ ಸಿಸ್ಟರ್. ಹೋದ ಸಲಾನೂ ಹಾಗೇ ಆಯ್ತಲ್ಲ."

ಹೋದ ಸಲ ಎರಡು ದಿನ ಎಚ್ಚರ ಇರಲಿಲ್ಲ ಅವಳಿಗೆ. ನಗುತ್ತಾ ಹೇಳುತ್ತಾಳೆ, ಪುಣ್ಯಾತ್ಗಿತ್ತಿ. ಎರಡು ಅಂತ ಬರೆದೆ. ಐದು ಚುಕ್ಕಿ ಇಟ್ಟೆ.

ಮಾರ್ಚ್ 13, ಸಂಜೆ

ತಪಾಸಣೆ. ದೊಡ್ಡ ಸಿಸ್ಟರ್ ಬೆಳಿಗ್ಗೆಯೇ ರಬ್ಬರ್ ಕೈಗಿಟ್ಟರು. ಕಾರ್ಡುಗಳೆಲ್ಲ ತೆಗೆದು ಒಂದೊಂದೇ ಚುಕ್ಕಿ ಅಳಿಸಿದೆ. ಸಾಹೇಬರು ಮೂಗಿಗೆ ಕರ್ಚೀಫು ಒತ್ತಿಕೊಂಡೇ ರಿಜಿಸ್ಟರ್ ತಿರುವಿದರು. ಒಂದೂ ಮೂರನೇ ಹೆರಿಗೆ ಇಲ್ಲ, ಭೇಷ್ ಅಂದರು. ಆ ಗ್ಲೌಸಿನ ದಾರದ ಕೆಳಗೇ ನಿಂತು!

ಚುಕ್ಕಿ ಮತ್ತೆ ಇಡಬೇಕಿತ್ತು. ಅಷ್ಟರಲ್ಲಿ ಯಜಮಾನರ ಫೋನು — ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ. ಹಾಗೇ ಬಿಟ್ಟು ಓಡಿಬಂದೆ.

ಮಾರ್ಚ್ 18

ನಾಲ್ಕು ದಿನ ರಜೆ ಮುಗಿಸಿ ಹೋದರೆ ಯಾರೂ ಮುಖ ಕೊಟ್ಟು ಮಾತಾಡಲಿಲ್ಲ. ಇಸ್ತ್ರಿಯವಳು ನಿನ್ನೆ ತೀರಿಕೊಂಡಳು. ಮಗು ಉಳಿಯಿತು, ಅವಳ ರಕ್ತ ನಿಲ್ಲಲಿಲ್ಲ. ಐದು ಹೆತ್ತು ಸೋತ ಗರ್ಭಕೋಶ. ಗೊತ್ತಿದ್ದರೆ ಮೊದಲೇ ರಕ್ತ ತರಿಸಿ ಇಟ್ಟುಕೊಳ್ಳುತ್ತಿದ್ದರು.

ಡಾಕ್ಟರಮ್ಮ ಕಾರ್ಡು ನನ್ನ ಮುಂದೆ ಹಿಡಿದಳು. "ಚುಕ್ಕಿನೇ ಇರ್ಲಿಲ್ಲ ಸಿಸ್ಟರ್. ನಿಜವಾಗ್ಲೂ ಎರಡನೇದು ಅಂದ್ಕೊಂಡೆ."

ಅಳಿಸಿದ್ದು ನಾನು. ಮತ್ತೆ ಇಡದೆ ಹೋದವಳೂ ನಾನೇ.

ಮಾರ್ಚ್ 21

ತನಿಖೆಯಂತೆ. ತಪ್ಪೆಲ್ಲ ಡಾಕ್ಟರಮ್ಮನ ತಲೆಗೆ ಕಟ್ಟುತ್ತಾರಂತೆ. ನಿಜ ಹೇಳಿಬಿಡುತ್ತೇನೆ ಅಂದೆ.

"ಹೇಳು," ಅಂದರು ದೊಡ್ಡ ಸಿಸ್ಟರ್. "ನಾಳೆಯಿಂದ ಮೂರನೇದು ನಾಲ್ಕನೇದು ಅನ್ನೋರೆಲ್ಲ ಮನೇಲೇ ಹೆರ್ತಾರೆ. ಆ ಹೆಣಗಳಿಗೆ ಯಾರು ಹೊಣೆ, ಅದನ್ನೂ ಹೇಳು."

ಆ ಸಾಹೇಬನಿಗಿಂತ ಈಗ ನನ್ನ ಮೇಲೇ ಹೇಸಿಗೆ. ಊಟ ಸೇರಲಿಲ್ಲ.

ಮಾರ್ಚ್ 22, ಬೆಳಿಗ್ಗೆ 9.40

ಹತ್ತಕ್ಕೆ ತನಿಖೆಗೆ ಒಳಗೆ ಕರೆಯುತ್ತಾರೆ. ಅಷ್ಟರಲ್ಲಿ ಒಬ್ಬಳು ಕಾರ್ಡು ಮಾಡಿಸಲು ಬಂದಳು. ಸೊಂಟದಲ್ಲಿ ಒಂದು, ಬಟ್ಟೆ ಹಿಡಿದುಕೊಂಡು ಎರಡು. ಎಷ್ಟನೇದಮ್ಮಾ ಅಂದೆ. ಮಕ್ಕಳನ್ನು ಹಿಂದಕ್ಕೆ ಸರಿಸಿದಳು.

"ಎರಡನೇದು ಸಿಸ್ಟರ್."

ಹೊರಗೇ ಯಾರೋ ಹೇಳಿಕೊಟ್ಟಿದ್ದಾರೆ. ತೂಕ ನೋಡಿಸಿಕೊಂಡು ಬಾ ಎಂದು ಕಳಿಸಿ ಇದನ್ನು ಬರೆಯುತ್ತಿದ್ದೇನೆ... ಬಂದಳು. ಒಳಗಿನಿಂದ ನನ್ನನ್ನೂ ಕೂಗುತ್ತಿದ್ದಾರೆ. ನಾಲ್ಕು ಎಂದು ಬರೆದರೆ ಇವಳು ಮನೆಯಲ್ಲೇ ಹೆರುತ್ತಾಳೆ. ಎರಡು ಎಂದು ಬರೆದರೆ —