ನರ್ಸಿಂಗ್ ಶಾಲೆ ಕೇಳಿದ ನೂರಿಪ್ಪತ್ತು ಗಂಟೆ

ಮಾನ್ಯ ಪ್ರವೇಶ ಸಮಿತಿಯ ಅಧ್ಯಕ್ಷರೇ,

ನಿಮ್ಮ ನರ್ಸಿಂಗ್ ಶಾಲೆ ನನ್ನನ್ನು ಈಗಾಗಲೇ ಎರಡು ಸಲ ತಿರಸ್ಕರಿಸಿದೆ. ಮೂರನೆಯ ಸಲವೂ ತಿರಸ್ಕರಿಸುವ ಶ್ರಮ ನಿಮಗೆ ಬೇಡವೆಂದು ಒಂದು ವರ್ಷ ಕೂತು ತಯಾರಿ ಮಾಡಿದ್ದೇನೆ. ಆ ತಯಾರಿಯಲ್ಲಿ ಒಬ್ಬ ಮುದುಕರ ಕೈ ಮುರಿಯಿತು. ಇದನ್ನು ತುಂಬಲು ನಿಮ್ಮ ಅರ್ಜಿಯಲ್ಲಿ ಎಲ್ಲೂ ಜಾಗವಿಲ್ಲ, ಆದ್ದರಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಹನ್ನೊಂದು ವರ್ಷದಿಂದ ಗಂಡಸರ ವಾರ್ಡಿನಲ್ಲಿ ಆಯಾ. ಸಂಬಳದ ಚೀಟಿಯಲ್ಲಿ ಮಾತ್ರ ನನಗೆ 'ವಾರ್ಡ್ ಸಹಾಯಕಿ' ಎಂಬ ಗೌರವದ ಹೆಸರಿದೆ. ತಮಗೆ ಗೊತ್ತಿರಲಿಕ್ಕಿಲ್ಲ, ತಮ್ಮ ಶಾಲೆಯ ಹುಡುಗಿಯರು ಪ್ರತಿ ವರ್ಷ ಪ್ರಾಯೋಗಿಕ ತರಬೇತಿಗೆ ಬರುವುದು ನಮ್ಮ ವಾರ್ಡಿಗೇ. ಮೊದಲ ದಿನ ಬಾಗಿಲಲ್ಲಿ ಗುಂಪಾಗಿ ನಿಂತು, ಎರಡನೆಯ ದಿನ ನನ್ನ ಹತ್ತಿರ ಬಂದು, "ಅಕ್ಕಾ, ಇವ್ರನ್ನ ಮಗ್ಗುಲು ತಿರುಗ್ಸೋದು ಹೇಗೆ ಅಂತ ಒಂದ್ಸಲ ತೋರ್ಸಿ" ಎನ್ನುತ್ತಾರೆ. ತೋರಿಸುತ್ತೇನೆ. ಮಲಗಿದಲ್ಲೇ ಇರುವವರ ಬೆನ್ನು ಹುಣ್ಣಾಗದಂತೆ ಬಟ್ಟೆ ಹೇಗೆ ಮಡಚಿ ಇಡಬೇಕು, ನಾಚಿಕೊಳ್ಳುವ ಗಂಡಸಿಗೆ ಬೆಡ್ ಪ್ಯಾನ್ ಕೊಡುವಾಗ ಮುಖ ಯಾವ ಕಡೆ ಇರಬೇಕು, ಎಲ್ಲ ತೋರಿಸುತ್ತೇನೆ. ಅವರಿಗೆ ತಾವು ಅಂಕ ಕೊಡುತ್ತೀರಿ. ನನಗೆ ಎರಡು ವರ್ಷದ ಹಿಂದೆ ಕಳಿಸಿದ ಪತ್ರದಲ್ಲಿ 'ಸೇವಾನುಭವ ಸಾಲದು' ಎಂದು ಬರೆದಿದ್ದೀರಿ.

ಏನೋ ತಪ್ಪಾಗಿರಬೇಕು ಎಂದುಕೊಂಡು ತಮ್ಮ ಕಚೇರಿಗೆ ಫೋನ್ ಮಾಡಿದೆ. ಗುಮಾಸ್ತರು ಬಹಳ ಸಮಾಧಾನದ ಮನುಷ್ಯ.

"ಸಂಬಳ ತಗೊಂಡು ಮಾಡಿದ್ದು ಸೇವೆ ಅಲ್ಲಮ್ಮ, ಅದು ಕೆಲಸ. ನೂರಿಪ್ಪತ್ತು ಗಂಟೆ ಸ್ವಯಂಸೇವೆ ಬೇಕು. ಪುಕ್ಕಟೆ ಮಾಡಿದ್ದಿದ್ರೆ ಹೇಳಿ."

"ಎಲ್ಲಿ ಮಾಡ್ಲಿ ಸಾರ್?"

"ಯಾವ ಆಸ್ಪತ್ರೆ ಆದ್ರೂ ಆಗುತ್ತೆ."

"ನಾನು ಕೆಲಸ ಮಾಡೋ ವಾರ್ಡಲ್ಲೇ, ರಜಾ ದಿನ ಮಾಡಿದ್ರೆ?"

ಆ ಕಡೆ ಪುಟ ತಿರುವಿದ ಸದ್ದಾಯಿತು. "ಸ್ವಯಂಸೇವಕರ ಹಸಿರು ಕೋಟು ಹಾಕ್ಕೊಂಡ್ರೆ ಆಗುತ್ತೆ."

ಹೀಗೆ ಸೋಮವಾರದಿಂದ ಶನಿವಾರದವರೆಗೆ ಯಾವ ಆರು ಹಾಸಿಗೆಗಳನ್ನು ನೋಡಿಕೊಳ್ಳುತ್ತಿದ್ದೆನೋ, ಭಾನುವಾರ ಹಸಿರು ಕೋಟು ಹಾಕಿಕೊಂಡು ಅದೇ ಆರು ಹಾಸಿಗೆಗಳ ನಡುವೆ ನಾಲ್ಕು ಗಂಟೆ ಓಡಾಡತೊಡಗಿದೆ. ವ್ಯತ್ಯಾಸ ಇಷ್ಟೇ, ಆರು ದಿನ ರೋಗಿಗಳನ್ನು ಎತ್ತಿ ಕೂರಿಸುವ ಕೈ ಏಳನೆಯ ದಿನ ಅವರನ್ನು ಮುಟ್ಟುವಂತಿಲ್ಲ. ಸ್ವಯಂಸೇವಕರು ರೋಗಿಯನ್ನು ಮುಟ್ಟಬಾರದು, ಅಗತ್ಯವಿದ್ದರೆ ಸಿಸ್ಟರಿಗೆ ತಿಳಿಸಬೇಕು. ಪ್ರತಿ ವರ್ಷದ ಅರ್ಜಿಗೂ ತಾವು ಹೊಸದಾಗಿ ಕೊಡುವ ಹಾಳೆಯಲ್ಲಿ ಪ್ರತಿ ಭಾನುವಾರಕ್ಕೂ ಒಂದು ಸಾಲಿದೆ. ಸಾಲಿನ ಕೊನೆಗೆ ಸಿಸ್ಟರ್ ತುಂಬಬೇಕಾದ 'ಸೂಚನೆ ಮೀರಿದ್ದಾರೆಯೇ?' ಎಂಬ ಅಂಕಣ. ಒಂದು ಸಲ 'ಹೌದು' ಬಿದ್ದರೆ ಹಾಳೆ ಪೂರ್ತಿ ರದ್ದು. ನಿಯಮವೇ ಬೇಡ ಎನ್ನುವಷ್ಟು ದಡ್ಡಿ ನಾನಲ್ಲ. ಗೊತ್ತಿಲ್ಲದವರು ಎತ್ತಲು ಹೋಗಿ ಹೊಲಿಗೆ ಬಿಚ್ಚಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಶನಿವಾರ ಸಂಜೆ ಗೊತ್ತಿದ್ದವಳಿಗೆ ಭಾನುವಾರ ಬೆಳಿಗ್ಗೆ ಎಲ್ಲ ಮರೆತುಹೋಗುತ್ತದೆ ಎಂದು ತಮಗೆ ಹೇಳಿದವರು ಯಾರು?

ಇನ್ನು ಸಂದರ್ಶನ. ಕಳೆದ ವರ್ಷ ಮೊದಲ ಹಾಳೆ ತುಂಬಿಸಿಕೊಂಡು ಬಂದಾಗ ತಮ್ಮ ಸಮಿತಿ ಕೇಳಿದ ಪ್ರಶ್ನೆ ನೆನಪಿದೆಯೇ? 'ಏಳಬಾರದ ರೋಗಿ ಬಚ್ಚಲಿಗೆ ಹೋಗುತ್ತೇನೆಂದು ಎದ್ದರೆ ಏನು ಮಾಡುತ್ತೀರಿ?' ನಾನು, "ಮೊದ್ಲು ಹೋಗಿ ಹೆಗಲು ಕೊಡ್ತೀನಿ ಸಾರ್, ಅಲ್ಲಿಂದ್ಲೇ ಸಿಸ್ಟರ್‌ನ ಕೂಗ್ತೀನಿ" ಎಂದೆ. ಹತ್ತಕ್ಕೆ ಸೊನ್ನೆ. 'ಅಭ್ಯರ್ಥಿಯು ಪದ್ಧತಿಯನ್ನು ಬಿಟ್ಟು ಅಭ್ಯಾಸವನ್ನು ನೆಚ್ಚಿಕೊಂಡಿದ್ದಾರೆ' ಎಂಬ ಷರಾ ಬೇರೆ. ಎಷ್ಟು ಚೆಂದದ ವಾಕ್ಯ! ಬರೆದವರು ಕುರ್ಚಿಯಿಂದ ಏಳದೆ ಬರೆದಿರಬೇಕು.

ಸರಿ, ಅಭ್ಯಾಸ ಬಿಡಿಸಿಕೊಳ್ಳಲು ಹೊರಟೆ. ಹತ್ತನೆಯ ತರಗತಿಯ ಮಗಳು ತಮ್ಮ ಮಾದರಿ ಉತ್ತರಗಳ ಪುಸ್ತಕ ಹಿಡಿದು ಪರೀಕ್ಷಕಿಯಾದಳು. ಅತ್ತೆ ಮಂಚದ ಮೇಲೆ ಮಲಗಿ ರೋಗಿಯಾದರು. ಸಂಜೆ ಪಾತ್ರೆ ತೊಳೆದಾದ ಮೇಲೆ ನಮ್ಮ ಮನೆ ಆಸ್ಪತ್ರೆಯಾಗುತ್ತಿತ್ತು.

"ನಾನು ಬಚ್ಚಲಿಗೆ ಹೋಗ್ಬೇಕು," ಎನ್ನುವರು ಅತ್ತೆ.

"ದಯವಿಟ್ಟು ಶಾಂತರಾಗಿರಿ. ನಿಮ್ಮ ಅಗತ್ಯವನ್ನು ಸಂಬಂಧಪಟ್ಟ ಸಿಬ್ಬಂದಿಗೆ ತಿಳಿಸುತ್ತೇನೆ," ಎನ್ನುವೆ ನಾನು.

"ನೀನು ತಿಳಿಸ್ಕೊಂಡು ಬರೋ ಹೊತ್ತಿಗೆ ಹಾಸಿಗೆ ಒದ್ದೆ ಆಗಿರುತ್ತೆ. ಒಗೆಯೋರು ಯಾರು, ಸಂಬಂಧಪಟ್ಟ ಸಿಬ್ಬಂದಿನಾ?"

"ಅಜ್ಜಿ, ಹಾಗೆಲ್ಲ ಹೇಳ್ಬಾರ್ದು. ಪುಸ್ತಕದಲ್ಲಿ ರೋಗಿ ಸುಮ್ನಾಗ್ತಾನೆ."

"ಸುಮ್ನಾಗ್ತಾನೆ ಅಂದ್ರೆ ಅವ್ನಿಗೆ ಅವಸರ ಇರ್ಲಿಲ್ಲ ಬಿಡು."

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಆದರೂ ಕಲಿತೆ. ಮೂರು ತಿಂಗಳಲ್ಲಿ ತರಕಾರಿ ಹೆಚ್ಚುವಾಗಲೂ ಬಾಯಿ ತಾನಾಗಿ ಶಾಂತರಾಗಿರಿ ಎನ್ನುತ್ತಿತ್ತು. ನಗೆಪಾಟಲಾದರೂ ಪರವಾಗಿಲ್ಲ ಎಂದು ಯಾಕೆ ಹಟ ಹಿಡಿದೆ ಎಂದು ಕೇಳುತ್ತೀರೇನೋ. ರೋಗಿಗಳು ನನ್ನನ್ನು, "ಏನಮ್ಮ, ನಂಗೇನಾಗಿದೆ? ಈ ಇಂಜೆಕ್ಷನ್ ಯಾತಕ್ಕೆ?" ಎಂದು ಕೇಳುತ್ತಾರೆ. ಹನ್ನೊಂದು ವರ್ಷದಿಂದ, "ಸಿಸ್ಟರ್‌ನ ಕೇಳಿ" ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಅವರ ಮೈಯ ಒಂದೊಂದು ಮೂಳೆಯೂ ನನ್ನ ಕೈಗೆ ಗೊತ್ತು, ಅವರ ಕಾಯಿಲೆ ಮಾತ್ರ ಗೊತ್ತಿಲ್ಲ. ಅದನ್ನು ತಿಳಿದುಕೊಂಡು ಉತ್ತರ ಹೇಳುವ ಆಸೆ ನನಗೆ. ತಮ್ಮ ಶಾಲೆಗೆ ಮೂವತ್ತೆಂಟರ ಒಳಗಿನವರು ಮಾತ್ರ ಸೇರಬಹುದು. ನನಗೆ ಬರುವ ಚಳಿಗಾಲಕ್ಕೆ ಮೂವತ್ತೆಂಟು ತುಂಬುತ್ತದೆ. ಇದೇ ಕೊನೆಯ ಅವಕಾಶ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಈ ವರ್ಷದ ಹಾಳೆಯಲ್ಲಿ ನನ್ನ ಇಪ್ಪತ್ತೊಂಬತ್ತನೆಯ ಭಾನುವಾರ ಅದು. ಹಾಳೆಯಲ್ಲಿ ನೂರ ಹನ್ನೆರಡು ಗಂಟೆ ಸೇರಿತ್ತು, ಕೊನೆಯ ಅಂಕಣದಲ್ಲಿ ಇಪ್ಪತ್ತೆಂಟು 'ಇಲ್ಲ'ಗಳು. ಆರನೆಯ ಹಾಸಿಗೆಯಲ್ಲಿ ಒಬ್ಬರು ಟೈಲರ್ ಇದ್ದರು, ಎಪ್ಪತ್ತು ದಾಟಿದವರು, ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ವಾಸಿಯಾಗದೆ ಮಲಗಿದ್ದವರು. ನನ್ನ ಕೋಟನ್ನು ಕಂಡಾಗಲೆಲ್ಲ, "ಯಾರಮ್ಮ ಹೊಲಿದಿದ್ದು ಇದನ್ನ? ಭುಜ ಎರಡಿಂಚು ಕೆಳಗೆ ಕೂತಿದೆ. ಮನೆಗೆ ಹೋದ್ಮೇಲೆ ತಂದ್ಕೊಡು, ಸರಿ ಮಾಡ್ತೀನಿ" ಎನ್ನುತ್ತಿದ್ದರು. ಬೆಳಿಗ್ಗೆ ಹತ್ತರ ಸುಮಾರಿಗೆ ಅವರು ಹೊದಿಕೆ ಸರಿಸಿ ಕಾಲು ಕೆಳಗಿಟ್ಟರು.

"ತಡಿಯಕ್ಕಾಗ್ತಿಲ್ಲಮ್ಮ, ಸ್ವಲ್ಪ ಕೈ ಕೊಡು."

ನಾನು ಅವರಿಂದ ಎರಡು ಹೆಜ್ಜೆ ದೂರದಲ್ಲಿದ್ದೆ. ಬೇರೆ ದಿನವಾಗಿದ್ದರೆ ಈ ಮಾತು ಮುಗಿಯುವ ಮೊದಲೇ ಅವರ ಕಂಕುಳ ಕೆಳಗೆ ನನ್ನ ಹೆಗಲಿರುತ್ತಿತ್ತು. ಅಂದು ನನ್ನ ಕಣ್ಣಿಗೆ ಕಂಡದ್ದು ಆ ಅಂಕಣ. "ದಯವಿಟ್ಟು ಶಾಂತರಾಗಿರಿ. ನಿಮ್ಮ ಅಗತ್ಯವನ್ನು ಸಂಬಂಧಪಟ್ಟ ಸಿಬ್ಬಂದಿಗೆ ತಿಳಿಸುತ್ತೇನೆ" ಎಂದೆ. ಒಂದಕ್ಷರ ತಪ್ಪಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಔಷಧಿ ಕೋಣೆಯಲ್ಲಿದ್ದರು. ಹೋಗಿ ತಿಳಿಸಿದೆ. ಅವರೊಂದಿಗೆ ವಾಪಸು ಬರುವಷ್ಟರಲ್ಲಿ ಟೈಲರ್ ಹಾಸಿಗೆಗೂ ಗೋಡೆಗೂ ನಡುವೆ ಬಿದ್ದಿದ್ದರು, ಬಲಗೈ ಮೈಯ ಅಡಿಗೆ ಸಿಕ್ಕಿತ್ತು. ಮಣಿಕಟ್ಟು ಮುರಿದಿತ್ತು, ಕತ್ತರಿ ಹಿಡಿಯುವ ಕೈ.

ಅವರು ನನ್ನನ್ನು ಬಯ್ಯಲಿಲ್ಲ. ಪಟ್ಟಿ ಹಾಕಿಸಿಕೊಂಡು ಬಂದ ಮೇಲೆ, "ನೀನು ಬರ್ತೀಯ ಅಂತ ಕಾದೆ ಕಣಮ್ಮ. ಆಮೇಲೆ ಆಗ್ಲಿಲ್ಲ" ಎಂದರು. ಅವರ ಮುಖ ನೋಡಲಾಗಲಿಲ್ಲ ನನಗೆ. ಇವತ್ತಿಗೂ ಆಗುತ್ತಿಲ್ಲ. ತಪ್ಪನ್ನು ತಮ್ಮ ನಿಯಮದ ಮೇಲೆ ಹೊರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಆಯ್ಕೆ ಮಾಡಿದವಳು ನಾನು. ಮನುಷ್ಯ ಒಂದು ಕಡೆ, ಹಾಳೆ ಒಂದು ಕಡೆ ಇದ್ದಾಗ ನಾನು ಹಾಳೆಯನ್ನು ಹಿಡಿದುಕೊಂಡೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನು ತಮ್ಮ ಶಾಲೆಗೆ ತಕ್ಕವಳಾಗಿದ್ದೆ.

ಸಂದೇಹವಿದ್ದರೆ ಹಾಳೆ ನೋಡಿ. ಆ ದಿನದ ಸಾಲಿನಲ್ಲಿ ಇನ್‌ಚಾರ್ಜ್ ಸಿಸ್ಟರ್, 'ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ. ಅತ್ಯುತ್ತಮ' ಎಂದು ಬರೆದಿದ್ದಾರೆ. ನನ್ನ ಕೆಲಸಕ್ಕೆ ತೊಂದರೆಯಾದೀತೆಂದು ನಾನು ಹೆದರಿದ್ದೇನೆ ಎಂದುಕೊಂಡು, ನನ್ನ ಒಳ್ಳೆಯದಕ್ಕೇ ಬರೆದರು ಅವರು. ಉಳಿದ ಭಾನುವಾರಗಳಿಗೆಲ್ಲ ಬರೀ 'ಇಲ್ಲ' ಮತ್ತು ಸಹಿ ಇದೆ.

ಆ ಸಾಲನ್ನು ನಾನೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಆ ನಾಲ್ಕು ಗಂಟೆಯನ್ನು ಸೇವೆ ಎಂದು ಕರೆದುಕೊಂಡು ತಮ್ಮ ಶಾಲೆಯ ಮೆಟ್ಟಿಲು ಹತ್ತಲು ನನಗೆ ಮನಸ್ಸಿಲ್ಲ. ಮೂವತ್ತನೆಯ ಭಾನುವಾರವೂ ಸೇರಿ ಈಗ ನನ್ನ ಹತ್ತಿರ ಇರುವುದು ನೂರ ಹದಿನಾರು ಗಂಟೆ. ಅರ್ಜಿಗೆ ಕೊನೆಯ ದಿನ ಗುರುವಾರ, ಅಷ್ಟರಲ್ಲಿ ಇನ್ನೊಂದು ಭಾನುವಾರ ಬರುವುದಿಲ್ಲ. ಮಗಳು, "ಸುಮ್ನೆ ಹಾಗೇ ಕೊಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತಮ್ಮ?" ಎಂದು ಅತ್ತಳು. ಅತ್ತೆ ಅರ್ಜಿಯ ಲಕೋಟೆಗೆ ಅಂಟು ಹಚ್ಚಿ ಕೊಟ್ಟರು.

ನನ್ನ ಒತ್ತಾಯ ದೊಡ್ಡದೇನಲ್ಲ. ನನ್ನನ್ನು ಸಂದರ್ಶನಕ್ಕೆ ಕರೆಯಿರಿ, ಅದೇ ಪ್ರಶ್ನೆ ಕೇಳಿ. ಮೊದಲು ಹೇಳಿದ ಉತ್ತರವನ್ನೇ ಹೇಳುತ್ತೇನೆ, ಈ ಸಲ ಅಭ್ಯಾಸದಿಂದಲ್ಲ, ತಿಳಿದೇ. ಅದಕ್ಕೆ ಅಂಕ ಕೊಡುವುದು ಬಿಡುವುದು ತಮ್ಮ ಧರ್ಮ. ಕರೆಯಲಾಗುವುದಿಲ್ಲ ಎಂದಾದರೆ ತಿರಸ್ಕಾರದ ಪತ್ರದಲ್ಲಿ 'ನಾಲ್ಕು ಗಂಟೆ ಕಡಿಮೆ' ಎಂದಷ್ಟೇ ಬರೆದು ಮುಗಿಸಬೇಡಿ. ಆ ನಾಲ್ಕು ಗಂಟೆಯಲ್ಲಿ ನಾನು ಏನು ಮಾಡಿದೆ ಎಂಬುದನ್ನೂ ಬರೆಯಿರಿ, ಕೆಳಗೆ ತಮ್ಮ ಸಹಿ ಇರಲಿ.

ಇಂತಿ,
ಒಂದೇ ಒಂದು ಭಾನುವಾರ ತಮ್ಮ ಮೆಚ್ಚುಗೆ ಗಳಿಸಿ, ಅದನ್ನು ಹಿಂತಿರುಗಿಸುತ್ತಿರುವ
ಗಂಡಸರ ವಾರ್ಡಿನ ಆಯಾ