ಕೊನೆಗೂ ಮೋಟೆಲಿಗೆ ಹೋದೆ

ಡ್ವೇನ್,

ನೀನು ತೀರಿಕೊಂಡ ಮೇಲೆ ಮೊದಲ ಸಲ ನಮ್ಮ ಮನೆ-ಟ್ರೇಲರನ್ನು ಗಾಡಿಗೆ ಕಟ್ಟಿಕೊಂಡು ಒಬ್ಬಳೇ ವಯೋಮಿಂಗ್ ದಾಟುತ್ತಿದ್ದೇನೆ. "ಮನೇನೇ ಹಿಂದೆ ಬರ್ತಿರುವಾಗ ಮೋಟೆಲ್ ಯಾಕೆ?" ಅಂತ ಜೀವಮಾನವಿಡೀ ನನ್ನನ್ನು ಟ್ರೇಲರ್ ಕ್ಯಾಂಪುಗಳಲ್ಲೇ ಮಲಗಿಸಿದೆಯಲ್ಲ, ಇವತ್ತು ಹಟಕ್ಕೆ ಮೋಟೆಲಿಗೇ ಹೋದೆ.

ಕೌಂಟರಿನ ಹುಡುಗಿ, "ಅಮ್ಮಾ, ನಿಮ್ಮ ಟ್ರೇಲರ್ ದಾರಿಗೆ ಅಡ್ಡ ಇದೆ. ರಿವರ್ಸ್ ತಗೊಂಡು ಗೋಡೆ ಪಕ್ಕ ಹಾಕಿ," ಅಂದಳು.

ರಿವರ್ಸಂತೆ. ಹಿಂದಕ್ಕೆ ತೆಗೆಯುವಾಗ ಒಂದು ದಿನವಾದರೂ ಸ್ಟಿಯರಿಂಗ್ ನನ್ನ ಕೈಗೆ ಕೊಟ್ಟಿದ್ದೀಯಾ? "ನೀ ಹಿಂದೆ ನಿಂತು ಕೈ ತೋರಿಸು, ಸಾಕು. ಕನ್ನಡೀಲಿ ನೀ ಕಾಣದಿದ್ರೆ ಗಾಡಿ ನಿಲ್ಲಿಸಿಬಿಡ್ತೀನಿ." ಯಾವಾಗಲೂ ಇದೇ ನಿನ್ನ ಮಾತು.

ಆದರೂ ಗೇರ್ ಹಾಕಿ ಕನ್ನಡಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಗಾಡಿ ನಿಲ್ಲಿಸಿಬಿಟ್ಟೆ.

ರೂಮೇ ಬೇಡವೆಂದು ಮುಂದಕ್ಕೇ ಓಡಿಸಿಕೊಂಡು ಬಂದು, ಈಗ ಕ್ಯಾಂಪಿನಲ್ಲಿದ್ದೇನೆ. ಇಲ್ಲಿ ನೇರ ಒಳಗೆ ಬಂದು ನೇರ ಹೊರಗೆ ಹೋಗಬಹುದು, ಹಿಂದೆ ಯಾರೂ ನಿಲ್ಲಬೇಕಿಲ್ಲ. ಗೆದ್ದೆ ಅಂತ ಬೀಗಬೇಡ.